ವಿಕಲಚೇತನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಹೇಗೆ: ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಒಂದು ಮಾರ್ಗದರ್ಶಿ

ಹತ್ತು ಜನರ ಮುದ್ರಣಾಲಯವಿರಲಿ, ಇನ್ನೂರು ಜನರ ಗಾರ್ಮೆಂಟ್ಸ್ ಘಟಕವಿರಲಿ, ವಿಕಲಚೇತನರೊಬ್ಬರನ್ನು ಮೊದಲ ಬಾರಿ ಕೆಲಸಕ್ಕೆ ತೆಗೆದುಕೊಳ್ಳಲು ಹೊರಟ ಮಾಲೀಕರು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ ಆಗಿರುತ್ತದೆ: "ಅವರಿಗೆ ಯಾವ ಕೆಲಸ ಕೊಡಬಹುದು?" ಹಿಂದೆ ಕಾಲಿಗೆ ಬಲವಿಲ್ಲದವರಿಗೆ ಎಸ್‌ಟಿಡಿ ಬೂತ್, ಕಣ್ಣು ಕಾಣದವರಿಗೆ ಟೆಲಿಫೋನ್ ಆಪರೇಟರ್ ಹುದ್ದೆ ಎಂದು ಹಂಚಿಬಿಡುತ್ತಿದ್ದ ಕಾಲದ ಪ್ರಶ್ನೆ ಅದು. ಬೂತ್‌ಗಳು ಮುಚ್ಚಿ ಎಷ್ಟೋ ವರ್ಷಗಳಾದರೂ ಆ ಯೋಚನೆಯ ಕ್ರಮ ಹಾಗೇ ಉಳಿದಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದಾರೆ. ಅವರಲ್ಲಿ ಬಿ.ಕಾಂ. ಓದಿದವರು, ಐಟಿಐ ಮುಗಿಸಿದವರು, ಹೊಲಿಗೆ ಬಲ್ಲವರು, ಅಕ್ಷರವೇ ಬಾರದವರು ಎಲ್ಲರೂ ಇದ್ದಾರೆ. ಆದ್ದರಿಂದ ನಿಮಗೆ ಯಾವ ಕೆಲಸಕ್ಕೆ ಜನ ಬೇಕು, ಆ ಕೆಲಸ ನಿಜವಾಗಿ ಏನನ್ನು ಬೇಡುತ್ತದೆ ಎಂಬಲ್ಲಿಂದ ಆರಂಭಿಸಬೇಕು. ವ್ಯಕ್ತಿಯ ಕೊರತೆಯಿಂದ ಆರಂಭಿಸಿದವರು ನಾನು ನೋಡಿದಂತೆ ಬಹಳ ದೂರ ಹೋಗಿಲ್ಲ.

ಮೊದಲ ಹೆಜ್ಜೆ: ಕೆಲಸವನ್ನು ಬಿಡಿಸಿ ಬರೆಯುವುದು

ಖಾಲಿ ಇರುವ ಹುದ್ದೆಯನ್ನು ಒಂದು ಹಾಳೆಯ ಮೇಲೆ ಬಿಡಿಬಿಡಿಯಾಗಿ ಬರೆಯಿರಿ. ಉದಾಹರಣೆಗೆ ಹಾರ್ಡ್‌ವೇರ್ ಸಗಟು ಅಂಗಡಿಯ ಗೋಡೌನಿಗೆ ಒಬ್ಬ ಸ್ಟೋರ್ ಗುಮಾಸ್ತರು ಬೇಕೆಂದುಕೊಳ್ಳೋಣ. ಲಾರಿಯಲ್ಲಿ ಬಂದ ಸರಕನ್ನು ಚಲನ್ ಜೊತೆ ತಾಳೆ ನೋಡುವುದು, ಎಣಿಸುವುದು, ಕಂಪ್ಯೂಟರಿನಲ್ಲಿ ದಾಖಲಿಸುವುದು, ಕೌಂಟರಿನಿಂದ ಬಂದ ಇಂಡೆಂಟ್‌ಗೆ ತಕ್ಕಂತೆ ಮಾಲು ಕೊಡಿಸುವುದು, ಮೇಲಿನ ರ‍್ಯಾಕಿನಿಂದ ಪೆಟ್ಟಿಗೆ ಇಳಿಸುವುದು, ತಿಂಗಳ ಕೊನೆಗೆ ದಾಸ್ತಾನು ಲೆಕ್ಕ ಹಾಕುವುದು, ಇವಿಷ್ಟು ಅಲ್ಲಿನ ಕೆಲಸ. ಈ ಆರರಲ್ಲಿ ಏಣಿ ಹತ್ತಿ ಪೆಟ್ಟಿಗೆ ಇಳಿಸುವುದೊಂದನ್ನು ಬಿಟ್ಟರೆ ಉಳಿದ ಐದನ್ನೂ ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡವರು ಕಾಲಿಗೆ ಆಧಾರ ಕೊಡುವ ಕ್ಯಾಲಿಪರ್ ಹಾಕಿಕೊಂಡೋ ಗಾಲಿಕುರ್ಚಿಯಲ್ಲಿ ಕುಳಿತೋ ಮಾಡಬಲ್ಲರು. ಏಣಿ ಹತ್ತುವ ಕೆಲಸವನ್ನು ಇವತ್ತು ಯಾರು ಮಾಡುತ್ತಿದ್ದಾರೆ ಎಂದು ವಿಚಾರಿಸಿದರೆ, ಬಹಳಷ್ಟು ಕಡೆ ಅದನ್ನು ಮಾಡುವವರು ಹಮಾಲರೇ ಆಗಿರುತ್ತಾರೆ.

ಹಾಳೆಯಲ್ಲಿ ಎರಡು ಕಾಲಂ ಮಾಡಿ. ಬಿಟ್ಟರೆ ಆ ಹುದ್ದೆಯೇ ಇಲ್ಲದಂತಾಗುವಷ್ಟು ಮುಖ್ಯವಾದ ಕೆಲಸಗಳು ಒಂದರಲ್ಲಿ, ಮೊದಲಿನಿಂದಲೂ ಆ ಕುರ್ಚಿಯಲ್ಲಿದ್ದವರು ಮಾಡುತ್ತಿದ್ದರೆಂಬ ಒಂದೇ ಕಾರಣಕ್ಕೆ ಅಂಟಿಕೊಂಡು ಬಂದವು ಇನ್ನೊಂದರಲ್ಲಿ ಇರಲಿ. ಬ್ಯಾಂಕಿಗೆ ಚೆಕ್ ಕೊಂಡೊಯ್ಯುವುದು, ಬೆಳಿಗ್ಗೆ ಶಟರ್ ಎತ್ತುವುದು, ಫೋನ್ ಎತ್ತಿಕೊಳ್ಳುವುದು ಎರಡನೆಯ ಕಾಲಂಗೆ ಸೇರುವುದೇ ಹೆಚ್ಚು, ಮತ್ತು ಅವುಗಳನ್ನು ಇನ್ನೊಬ್ಬರಿಗೆ ವಹಿಸಿ ಅವರ ಕೆಲಸದಲ್ಲೊಂದನ್ನು ಇವರಿಗೆ ಕೊಡುವುದು ಅರ್ಧ ದಿನದ ಮಾತುಕತೆಯಲ್ಲಿ ಮುಗಿಯುವ ವಿಷಯ. ಈ ಹಾಳೆ ಮುಂದೆ ಜಾಹೀರಾತಿಗೆ, ಸಂದರ್ಶನಕ್ಕೆ, ತರಬೇತಿಗೆ ಎಲ್ಲಕ್ಕೂ ಬೇಕಾಗುತ್ತದೆ. ಆದುದರಿಂದ ಅದನ್ನು ನೀವೊಬ್ಬರೇ ಕುಳಿತು ಬರೆಯದೆ, ಆ ಕೆಲಸವನ್ನು ಈಗ ಮಾಡುತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ.

ಇಲ್ಲಿಯೇ ಇನ್ನೊಂದು ಮಾತು. ನಿಮ್ಮ ಸಂಸ್ಥೆಯ ಮೊದಲ ವಿಕಲಚೇತನ ನೌಕರರು ಹೊರಗಿನಿಂದಲೇ ಬರಬೇಕೆಂದಿಲ್ಲ. ಬೈಕ್ ಅಪಘಾತದಲ್ಲಿ ಕಾಲು ಕಳೆದುಕೊಂಡ ಸೇಲ್ಸ್‌ಮನ್, ಸಕ್ಕರೆ ಕಾಯಿಲೆಯಿಂದ ದೃಷ್ಟಿ ಮಂದವಾಗುತ್ತಿರುವ ಲೆಕ್ಕಿಗರು ಈಗಾಗಲೇ ನಿಮ್ಮಲ್ಲೇ ಇರಬಹುದು. ಅಂಥವರನ್ನು ಮನೆಗೆ ಕಳುಹಿಸುವ ಮೊದಲು ಇದೇ ಹಾಳೆಯನ್ನು ಅವರ ಹುದ್ದೆಗೂ ಬರೆಯಬೇಕು. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದವರನ್ನು ಕೆಲಸದಿಂದ ತೆಗೆಯುವುದನ್ನೂ ಹಿಂಬಡ್ತಿ ಕೊಡುವುದನ್ನೂ ಕಾನೂನು ಸರ್ಕಾರಿ ಸಂಸ್ಥೆಗಳಿಗೆ ನಿಷೇಧಿಸಿದೆ. ಖಾಸಗಿಯವರು ಆ ಮಾದರಿಯನ್ನು ತಾವಾಗಿಯೇ ಅನುಸರಿಸಿದರೆ ವರ್ಷಗಟ್ಟಲೆ ಪಳಗಿದ ಕೈ ಸಂಸ್ಥೆಯಲ್ಲೇ ಉಳಿಯುತ್ತದೆ.

ಎರಡನೆಯ ಹೆಜ್ಜೆ: ಕಾನೂನು ಕೇಳುವುದನ್ನು ಪೂರೈಸುವುದು

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಅಂಗೀಕಾರವಾಗಿ, 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ದೃಷ್ಟಿ, ಶ್ರವಣ, ಚಲನೆಗೆ ಸಂಬಂಧಿಸಿದವುಗಳ ಜೊತೆಗೆ ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಕುಷ್ಠರೋಗದಿಂದ ಗುಣಮುಖರಾದವರು, ಆಸಿಡ್ ದಾಳಿಗೆ ತುತ್ತಾದವರು, ಸಿಕಲ್ ಸೆಲ್ ಮತ್ತು ಹಿಮೋಫಿಲಿಯಾದಂಥ ರಕ್ತ ಸಂಬಂಧಿ ಕಾಯಿಲೆಗಳೂ ಅದರಲ್ಲಿ ಸೇರಿವೆ. ಸರ್ಕಾರಿ ಹುದ್ದೆಗಳಲ್ಲಿ ಶೇ 4ರ ಮೀಸಲಾತಿ ಇದೆ. ಖಾಸಗಿ ವಲಯಕ್ಕೆ ಕಡ್ಡಾಯ ಮೀಸಲಾತಿ ಇಲ್ಲ. ಆದರೆ ಒಟ್ಟು ಸಿಬ್ಬಂದಿಯಲ್ಲಿ ಕನಿಷ್ಠ ಶೇ 5ರಷ್ಟು ವಿಕಲಚೇತನರಿರುವಂತೆ ಸರ್ಕಾರಗಳು ಪ್ರೋತ್ಸಾಹಧನ ಕೊಡಬೇಕೆಂದು ಕಾಯ್ದೆ ಹೇಳುತ್ತದೆ.

ಮೀಸಲಾತಿ ಇಲ್ಲವೆಂದ ಮಾತ್ರಕ್ಕೆ ಖಾಸಗಿಯವರಿಗೆ ಹೊಣೆಯೇ ಇಲ್ಲವೆಂದು ತಿಳಿಯಬಾರದು. ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯೊಂದನ್ನು ಪ್ರಕಟಿಸಬೇಕು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ವಿಕಲಚೇತನರಿಗೆ ತಕ್ಕುದೆಂದು ಗುರುತಿಸಿದ ಹುದ್ದೆಗಳು, ಆಯ್ಕೆಯ ವಿಧಾನ, ತರಬೇತಿ, ವಿಶೇಷ ರಜೆ, ಸಹಾಯಕ ಸಾಧನಗಳು, ಕಟ್ಟಡದಲ್ಲಿನ ಅನುಕೂಲತೆ ಇವೆಲ್ಲ ಆ ನೀತಿಯಲ್ಲಿರಬೇಕು, ಮತ್ತು ಸಂಪರ್ಕಾಧಿಕಾರಿಯೊಬ್ಬರನ್ನು ನೇಮಿಸಬೇಕು. ನೀತಿಯ ಪ್ರತಿಯನ್ನು ಈ ಕಾಯ್ದೆಯಡಿ ನೇಮಕವಾದ ವಿಕಲಚೇತನರ ಆಯುಕ್ತರಲ್ಲಿ ನೋಂದಾಯಿಸುವುದು, ವಿಕಲಚೇತನ ನೌಕರರ ವಿವರಗಳ ದಾಖಲೆ ಇಟ್ಟುಕೊಳ್ಳುವುದು ಕೂಡ ಸಂಸ್ಥೆಯ ಕರ್ತವ್ಯ. ಕಾಯ್ದೆಯ ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಮತ್ತೆ ಉಲ್ಲಂಘಿಸಿದರೆ 50,000 ರೂಪಾಯಿಯಿಂದ 5 ಲಕ್ಷದವರೆಗೆ ದಂಡವಿದೆ.

ಈ ಕಾಯ್ದೆಯ ತಿರುಳಿರುವುದು ಸೂಕ್ತ ಹೊಂದಾಣಿಕೆ ಎಂಬ ಕಲ್ಪನೆಯಲ್ಲಿ. ಸಂಸ್ಥೆಗೆ ಅತಿಯಾದ ಹೊರೆಯಾಗದಂತೆ, ಆ ವ್ಯಕ್ತಿ ಇತರರಿಗೆ ಸಮನಾಗಿ ಕೆಲಸ ಮಾಡಲು ಬೇಕಾದ ಬದಲಾವಣೆ ಮಾಡಿಕೊಡುವುದು ಇದರ ಅರ್ಥ, ಮತ್ತು ಅದನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಕಾಯ್ದೆ ಪರಿಗಣಿಸುತ್ತದೆ. ಅಂಗವೈಕಲ್ಯದ ಪ್ರಮಾಣ ಶೇ 40 ಮುಟ್ಟದವರಿಗೂ ಇದು ಸಲ್ಲುತ್ತದೆ ಎಂಬುದನ್ನು ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿತು. ಶೇ 40ರ ಗಡಿ ಮೀಸಲಾತಿಯಂಥ ಸೌಲಭ್ಯಗಳಿಗೆ ಮಾತ್ರ. ಹಾಗಾಗಿ "ನಿಮ್ಮ ಯುಡಿಐಡಿ ಕಾರ್ಡಿನಲ್ಲಿ (ಸರ್ಕಾರ ಕೊಡುವ ವಿಕಲಚೇತನರ ಗುರುತಿನ ಚೀಟಿ) ಶೇ 30 ಎಂದಿದೆ, ನಮಗೆ ಅನ್ವಯಿಸುವುದಿಲ್ಲ" ಎಂಬ ಉತ್ತರ ನಿಲ್ಲುವುದಿಲ್ಲ.

ಮೂರನೆಯ ಹೆಜ್ಜೆ: ಜಾಹೀರಾತು ಮತ್ತು ಹುಡುಕಾಟ

ನಿಮ್ಮ ಹಿಂದಿನ ಜಾಹೀರಾತನ್ನು ಒಮ್ಮೆ ತೆಗೆದು ಓದಿ. "ಆಕರ್ಷಕ ವ್ಯಕ್ತಿತ್ವ", "ದೈಹಿಕವಾಗಿ ಸದೃಢ", "ಸ್ವಂತ ದ್ವಿಚಕ್ರ ವಾಹನ ಕಡ್ಡಾಯ" ಎಂಬ ಮಾತುಗಳು ಕೆಲಸಕ್ಕೆ ನಿಜವಾಗಿ ಬೇಕೇ? "ಕರೆ ಮಾಡಿ" ಎಂದು ಮೊಬೈಲ್ ಸಂಖ್ಯೆಯೊಂದನ್ನೇ ಕೊಟ್ಟರೆ ಕಿವಿ ಕೇಳದವರು ಅರ್ಜಿ ಹಾಕುವ ದಾರಿಯೇ ಇರುವುದಿಲ್ಲ. ಅಕ್ಷರಗಳನ್ನೆಲ್ಲ ಬಣ್ಣದ ಚಿತ್ರದೊಳಗೆ ಸೇರಿಸಿ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟರೆ ಕಣ್ಣು ಕಾಣದವರ ಫೋನಿಗೆ ಅದರಲ್ಲಿ ಏನಿದೆಯೆಂದು ಓದಿ ಹೇಳುವುದು ಕಷ್ಟ. ಚಿತ್ರದ ಕೆಳಗೆ ಅದೇ ವಿಷಯವನ್ನು ಅಕ್ಷರದಲ್ಲಿ ಟೈಪಿಸಿ, ಸಂದೇಶ ಕಳುಹಿಸಲು ಒಂದು ಸಂಖ್ಯೆ ಕೊಟ್ಟು, "ವಿಕಲಚೇತನರು ಅರ್ಜಿ ಸಲ್ಲಿಸಬಹುದು, ಸಂದರ್ಶನಕ್ಕೆ ಯಾವ ಅನುಕೂಲ ಬೇಕೆಂದು ತಿಳಿಸಿ" ಎಂದು ಒಂದು ಸಾಲು ಸೇರಿಸಿದರೆ ಸಾಕು. ಆ ಸಾಲು ಇಲ್ಲದಿದ್ದರೆ ಅವರಲ್ಲಿ ಬಹಳ ಮಂದಿ ಅರ್ಜಿಯನ್ನೇ ಹಾಕುವುದಿಲ್ಲ, ಏಕೆಂದರೆ ಬಾಗಿಲಿಗೆ ಬಂದ ಮೇಲೆ ವಾಪಸ್ ಕಳುಹಿಸಿಕೊಂಡ ಅನುಭವ ಅವರಿಗೆ ಸಾಕಷ್ಟಿರುತ್ತದೆ.

ಬೆಂಗಳೂರಿನಲ್ಲಿ ಈ ಕೆಲಸವನ್ನೇ ಮಾಡುವ ಸಂಸ್ಥೆಗಳಿವೆ. 1959ರಲ್ಲಿ ಆರಂಭವಾದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ), 1997ರಿಂದ ಇರುವ ಸಮರ್ಥನಂ, 1999ರಿಂದ ಇರುವ ಎನೇಬಲ್ ಇಂಡಿಯಾ ಇವು ಅಭ್ಯರ್ಥಿಗಳಿಗೆ ತರಬೇತಿ ಕೊಡುವುದಲ್ಲದೆ, ಉದ್ಯೋಗದಾತರಿಗೂ ದಾರಿ ತೋರಿಸುತ್ತವೆ. ಜಿಲ್ಲೆಗಳಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯನ್ನು ಕೇಳಿ. ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯು ಎಂದು ಜನರು ಕರೆಯುವ ಪುನರ್ವಸತಿ ಕಾರ್ಯಕರ್ತರಿಗೆ ಯಾವ ಮನೆಯಲ್ಲಿ ಯಾರು ಓದಿ ಕುಳಿತಿದ್ದಾರೆಂಬುದು ಗೊತ್ತಿರುತ್ತದೆ. ಸಣ್ಣ ಊರಿನ ಉದ್ದಿಮೆದಾರರಿಗೆ ಯಾವ ಜಾಬ್ ಪೋರ್ಟಲ್‌ಗಿಂತಲೂ ಇವರೇ ಹೆಚ್ಚು ನೆರವಾಗುತ್ತಾರೆ ಎಂಬುದು ನನ್ನ ಅಭಿಪ್ರಾಯ.

ನಾಲ್ಕನೆಯ ಹೆಜ್ಜೆ: ಸಂದರ್ಶನ

ಸಂದರ್ಶನದ ಕೋಣೆ ನೆಲಮಹಡಿಯಲ್ಲಿರಲಿ. ಲಿಫ್ಟ್ ಇಲ್ಲದ ಎರಡನೆಯ ಮಹಡಿಗೆ ಕರೆದು, ಮೆಟ್ಟಿಲು ಹತ್ತಲಾಗದವರನ್ನು ಅಲ್ಲಿಯೇ ಕೈಬಿಟ್ಟಂತಾಗಬಾರದು. ಅಭ್ಯರ್ಥಿಯ ಜೊತೆ ಅಪ್ಪನೋ ಅಣ್ಣನೋ ಬಂದಿರುವುದು ನಮ್ಮಲ್ಲಿ ಸಹಜ. ಅವರಿಗೆ ಕಾಫಿ ಕೊಟ್ಟು ಹೊರಗೆ ಕೂರಿಸಿ, ಪ್ರಶ್ನೆಗಳನ್ನು ಅಭ್ಯರ್ಥಿಯನ್ನೇ ಕೇಳಿ. ಸಂಜ್ಞಾ ಭಾಷೆಯ ದುಭಾಷಿ ಇದ್ದರೂ ನೋಟ ಮತ್ತು ಮಾತು ಅಭ್ಯರ್ಥಿಯ ಕಡೆಗೇ ಇರಬೇಕು. ಮೂವತ್ತೈದು ವರ್ಷದ ಪದವೀಧರರನ್ನು, ಅವರು ಊರುಗೋಲು ಹಿಡಿದಿದ್ದಾರೆಂಬ ಕಾರಣಕ್ಕೆ, "ಬಾ, ಕೂತ್ಕೋ" ಎಂದು ಏಕವಚನದಲ್ಲಿ ಮಾತನಾಡಿಸುವ ಅಭ್ಯಾಸ ನಮ್ಮ ಎಷ್ಟೋ ಕಚೇರಿಗಳಲ್ಲಿದೆ. ಕರುಣೆಯಿಂದಲೇ ಹಾಗೆ ಮಾತನಾಡಿದರೂ ಅದು ಅವರನ್ನು ಚುಚ್ಚುತ್ತದೆ.

"ಹುಟ್ಟಿನಿಂದಲೇ ಹೀಗಾ?", "ಮದುವೆಯಾಗಿದೆಯಾ?", "ನಿಮ್ಮನ್ನು ಯಾರು ನೋಡಿಕೊಳ್ಳುತ್ತಾರೆ?" ಎಂಬ ಪ್ರಶ್ನೆಗಳಿಗೂ ಕೆಲಸಕ್ಕೂ ಸಂಬಂಧವಿಲ್ಲ. ಮೊದಲ ಹೆಜ್ಜೆಯಲ್ಲಿ ಬರೆದ ಹಾಳೆಯನ್ನು ಅವರ ಮುಂದಿಟ್ಟು, "ಇಲ್ಲಿರುವ ಕೆಲಸಗಳನ್ನು ನೀವು ಹೇಗೆ ಮಾಡುತ್ತೀರಿ? ಇದಕ್ಕೆ ನಮ್ಮಿಂದ ಏನು ಬೇಕು?" ಎಂದು ಕೇಳಿ. ಹತ್ತಿಪ್ಪತ್ತು ವರ್ಷ ಆ ದೇಹದೊಡನೆ ಬದುಕಿದವರಿಗೆ ಅದರ ಉಪಾಯಗಳು ನಿಮಗಿಂತ ಚೆನ್ನಾಗಿ ಗೊತ್ತಿರುತ್ತವೆ. ಸಾಧ್ಯವಾದಲ್ಲೆಲ್ಲ ಮಾತಿಗಿಂತ ಕೆಲಸದ ಮಾದರಿಯನ್ನೇ ಪರೀಕ್ಷೆಯಾಗಿಡಿ: ಹೊಲಿಗೆಗೆ ಬಂದವರಿಗೆ ಒಂದು ತೋಳು ಹೊಲಿಯಲು ಕೊಡಿ, ಡೇಟಾ ಎಂಟ್ರಿಗೆ ಬಂದವರಿಗೆ ಒಂದು ಹಾಳೆ ಕೊಡಿ. ತೊದಲುವವರು, ಆಟಿಸಂ ಇರುವವರು, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡು ಬಂದವರು ಮಾತಿನ ಸಂದರ್ಶನದಲ್ಲಿ ಸೋತು ಕೆಲಸದಲ್ಲಿ ಗೆಲ್ಲುವುದು ಸಾಮಾನ್ಯ. ಕೆಲಸ ಬಾರದವರನ್ನು ಮರುಕದಿಂದ ತೆಗೆದುಕೊಳ್ಳಬೇಡಿ. ಆರು ತಿಂಗಳಲ್ಲಿ ಅವರೂ ನೊಂದು, ಮುಂದೆ ಬರುವವರಿಗೆ ನಿಮ್ಮ ಬಾಗಿಲೂ ಮುಚ್ಚುತ್ತದೆ.

ಐದನೆಯ ಹೆಜ್ಜೆ: ಹೊಂದಾಣಿಕೆಗಳನ್ನು ಮಾಡುವುದು

ಮಾಲೀಕರು ಹೆಚ್ಚು ಅಂಜುವುದು ಇಲ್ಲಿನ ಖರ್ಚಿಗೆ, ಆದರೆ ಬೇಕಾಗುವ ಬದಲಾವಣೆಗಳಲ್ಲಿ ದೊಡ್ಡ ಪಾಲು ಸಮಯ, ಜಾಗ ಮತ್ತು ಅಭ್ಯಾಸಗಳಿಗೆ ಸಂಬಂಧಿಸಿದ್ದು.

ಗಾಲಿಕುರ್ಚಿ ಬಳಸುವವರಿಗೆ ಇಳಿಜಾರು, ಅಂದರೆ ರ‍್ಯಾಂಪ್ ಬೇಕು. ಅದರ ಅಳತೆ ಒಂದಕ್ಕೆ ಹನ್ನೆರಡು: ಬಾಗಿಲಲ್ಲಿ ಅರ್ಧ ಅಡಿ ಎತ್ತರದ ಮೆಟ್ಟಿಲಿದ್ದರೆ ಆರು ಅಡಿ ಉದ್ದದ ರ‍್ಯಾಂಪ್ ಕಟ್ಟಬೇಕು. ನಮ್ಮ ಅಂಗಡಿ, ಬ್ಯಾಂಕ್, ಕಚೇರಿಗಳ ಮುಂದೆ ಎರಡೇ ಅಡಿಯಲ್ಲಿ ಮುಗಿಸಿದ ರ‍್ಯಾಂಪ್‌ಗಳು ಎಷ್ಟೋ ಇವೆ. ಅವು ಸ್ಕೂಟರ್ ಹತ್ತಿಸಲು ನೆರವಾಗುತ್ತವೆಯೇ ಹೊರತು ಗಾಲಿಕುರ್ಚಿಯಲ್ಲಿ ಕುಳಿತವರು ಅದರ ಮೇಲೆ ಹಿಂದಕ್ಕೆ ಉರುಳುವ ಅಪಾಯವಿದೆ. ಬಾಗಿಲು ತೊಂಬತ್ತು ಸೆಂಟಿಮೀಟರ್ ಅಗಲವಿರಲಿ, ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಜಾಗ ಬಿಡಿ. ಶೌಚಾಲಯವನ್ನು ಎಲ್ಲಕ್ಕಿಂತ ಮೊದಲು ನೋಡಿ. ಶೌಚಾಲಯ ಬಳಸಲಾಗದ ಕಾರಣಕ್ಕೆ ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೆಲಸ ಮಾಡುವ ಹೆಣ್ಣುಮಕ್ಕಳಿದ್ದಾರೆ, ಮತ್ತು ಅವರಾಗಿಯೇ ಅದನ್ನು ಮೇಲಧಿಕಾರಿಗೆ ಬಂದು ಹೇಳುವುದಿಲ್ಲ. ಕಮೋಡ್, ಗೋಡೆಗೆ ಹಿಡಿಕಂಬಿ, ಹೊರಕ್ಕೆ ತೆರೆಯುವ ಬಾಗಿಲು ಇವು ಒಬ್ಬ ಮೇಸ್ತ್ರಿ ಕೆಲವೇ ದಿನಗಳಲ್ಲಿ ಮಾಡಿಮುಗಿಸುವ ಕೆಲಸಗಳು.

ಕಣ್ಣು ಕಾಣದವರು ಕಂಪ್ಯೂಟರಿನಲ್ಲಿ ತೆರೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಕೆಲಸ ಮಾಡುತ್ತಾರೆ. ಎನ್‌ವಿಡಿಎ ಎಂಬ ಅಂಥ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಕನ್ನಡದ ಕಚೇರಿಗಳಲ್ಲಿ ಒಂದು ತೊಡಕು ಪದೇ ಪದೇ ಎದುರಾಗುತ್ತದೆ. ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪಿಸಿದ ಕಡತ ನಮ್ಮ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡವಾಗಿ ಕಂಡರೂ, ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಸುತ್ತೋಲೆ, ಪತ್ರ, ದರಪಟ್ಟಿಗಳನ್ನು ಯೂನಿಕೋಡ್‌ನಲ್ಲಿ ಟೈಪಿಸಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಬದಲು ಮೂಲ ಕಡತವನ್ನೇ ಕೊಡಿ. ನಿಮ್ಮ ಬಿಲ್ಲಿಂಗ್ ತಂತ್ರಾಂಶ ಎನ್‌ವಿಡಿಎ ಜೊತೆ ಹೊಂದುತ್ತದೆಯೇ ಎಂಬುದನ್ನು ನೇಮಕಾತಿ ಪತ್ರ ಕೊಡುವ ಮೊದಲೇ ಅಭ್ಯರ್ಥಿಯನ್ನು ಕೂರಿಸಿ ಪರೀಕ್ಷಿಸಿಬಿಡಿ. ಓಡಾಡುವ ದಾರಿಯಲ್ಲಿ ಪೆಟ್ಟಿಗೆ, ಕುರ್ಚಿಗಳನ್ನು ಇಡಬೇಡಿ. ಪೀಠೋಪಕರಣದ ಜಾಗ ಬದಲಿಸಿದರೆ ಆ ದಿನವೇ ಅವರಿಗೆ ತಿಳಿಸಿ.

ಕಿವಿ ಕೇಳದವರ ವಿಷಯದಲ್ಲಿ "ಬರೆದು ತೋರಿಸಿದರಾಯಿತು" ಎಂದುಕೊಳ್ಳುವುದು ಸುಲಭ. ಆದರೆ ಎಳವೆಯಿಂದಲೇ ಕಿವಿ ಕೇಳದ ಅನೇಕರಿಗೆ ಸಂಜ್ಞಾ ಭಾಷೆಯೇ ಮೊದಲ ಭಾಷೆ. ಕನ್ನಡ ಬರಹ ಆಮೇಲೆ, ಅದೂ ಎಷ್ಟೋ ವೇಳೆ ಅರೆಬರೆಯಾಗಿ ಕಲಿತದ್ದು. ಉದ್ದದ ವಾಕ್ಯ ಬರೆದುಕೊಟ್ಟಾಗ ಅವರು ತಲೆಯಾಡಿಸಿದ್ದನ್ನು ಒಪ್ಪಿಗೆಯೆಂದು ತಿಳಿಯದೆ, ಒಮ್ಮೆ ಮಾಡಿ ತೋರಿಸಲು ಹೇಳಿ. ಚಿಕ್ಕ ವಾಕ್ಯ, ಚಿತ್ರ, ಮಾದರಿ ತುಣುಕು ಬಳಸಿ. ತಂಡದ ನಾಲ್ಕಾರು ಜನ ಐವತ್ತು ಸಂಜ್ಞೆಗಳನ್ನಾದರೂ ಕಲಿಯಲಿ: ಊಟ, ರಜೆ, ಸಂಬಳ, ತುರ್ತು, ನಿಲ್ಲಿಸು, ತಪ್ಪಾಗಿದೆ ಎಂಬಂಥವು. ಬೆಂಕಿಯ ಸೈರನ್ ಜೊತೆ ಮಿನುಗುವ ಕೆಂಪು ದೀಪವನ್ನೂ ಅಳವಡಿಸಿ, ತುರ್ತು ಸಂದರ್ಭದಲ್ಲಿ ಅವರನ್ನು ಕರೆದೊಯ್ಯುವ ಹೊಣೆಯನ್ನು ಪಕ್ಕದ ಯಂತ್ರದ ಇಬ್ಬರಿಗೆ ಹೆಸರು ಹೇಳಿ ವಹಿಸಿ.

ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಕೆಲಸವನ್ನು ಇನ್ನೂ ಸಣ್ಣ ತುಂಡುಗಳಾಗಿ ಬಿಡಿಸಬೇಕು. ಬೇಕರಿಯಲ್ಲಿ ಸಿಹಿ ಪೆಟ್ಟಿಗೆ ಮಡಿಸುವುದನ್ನು ಕಲಿಸುವಾಗ, ಹಾಳೆಯನ್ನು ಬಿಳಿಬದಿ ಮೇಲಾಗಿ ಇಡುವುದು, ಉದ್ದದ ಬದಿಯನ್ನು ಗೆರೆಯ ಮೇಲೆ ಮಡಿಸುವುದು, ಕಿವಿಯನ್ನು ಸೀಳಿನೊಳಗೆ ತೂರಿಸುವುದು ಎಂದು ಒಂದೊಂದಕ್ಕೂ ಫೋಟೊ ತೆಗೆದು ಮೇಜಿನ ಮುಂದಿನ ಗೋಡೆಗೆ ಅಂಟಿಸಿ. ಒಂದು ತುಂಡು ಕೈಗೆ ಕೂತ ಮೇಲೆ ಮುಂದಿನದಕ್ಕೆ ಹೋಗಿ. ಮೊದಲ ಕೆಲವು ವಾರ ತರಬೇತಿ ಸಂಸ್ಥೆಯ ಜಾಬ್ ಕೋಚ್, ಅಂದರೆ ಕೆಲಸದ ಜಾಗದಲ್ಲೇ ಕಲಿಸಿಕೊಡುವವರು, ಜೊತೆಗಿದ್ದರೆ ಬಹಳ ಅನುಕೂಲ. 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆ ಅಡುಗೆಮನೆ, ಕೌಂಟರು, ಬಡಿಸುವುದು ಎಲ್ಲವನ್ನೂ ವಿಕಲಚೇತನರಿಂದಲೇ ನಡೆಸುತ್ತ ಹಲವು ಊರುಗಳಿಗೆ ಹರಡಿದೆ. ಹೋಟೆಲ್ ನಡೆಸುವವರು ಒಮ್ಮೆ ಅಲ್ಲಿ ಕುಳಿತು ನೋಡಿ ಬರಬೇಕು.

ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ ಬೇಕಾಗುವುದು ಹೆಚ್ಚಾಗಿ ವೇಳಾಪಟ್ಟಿಯ ಬದಲಾವಣೆ. ರಾತ್ರಿಯ ಮಾತ್ರೆಯ ಮಂಪರು ಬೆಳಿಗ್ಗೆ ಇರುವವರಿಗೆ ಒಂಬತ್ತರ ಬದಲು ಹತ್ತಕ್ಕೆ ಬರಲು ಬಿಡುವುದು, ರಾತ್ರಿ ಪಾಳಿ ತಪ್ಪಿಸುವುದು, ಹೊರರೋಗಿ ವಿಭಾಗಕ್ಕೆ ಹೋಗುವ ದಿನ ರಜೆ ಕೊಡುವುದು, ಆದೇಶಗಳನ್ನು ಒಬ್ಬರೇ ಮೇಲ್ವಿಚಾರಕರು ಕೊಡುವುದು. ಕಾಯಿಲೆಯ ಹೆಸರು ಮೇಲ್ವಿಚಾರಕರಿಗೂ ತಿಳಿಯಬೇಕಿಲ್ಲ, ಹೊಂದಾಣಿಕೆ ತಿಳಿದರೆ ಸಾಕು. ಗೋಪ್ಯತೆಯಲ್ಲಿ ಒಮ್ಮೆ ತಪ್ಪಿದರೆ ಆ ವ್ಯಕ್ತಿ ಕೆಲಸ ಬಿಡುವುದು ಬಹುತೇಕ ಖಚಿತ.

ಪ್ರಯಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ಯಾವುದೂ ನಡೆಯದು. ವಿಕಲಚೇತನರಿಗೆ ಕೆಎಸ್‌ಆರ್‌ಟಿಸಿ ಬಸ್‌ಗಳಲ್ಲಿ ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ ರಿಯಾಯಿತಿ ಪಾಸ್ ಇದೆ, ಮಹಿಳೆಯರಿಗೆ 2023ರಿಂದ ಶಕ್ತಿ ಯೋಜನೆಯಿದೆ. ಆದರೆ ಪಾಸ್ ಇದ್ದ ಮಾತ್ರಕ್ಕೆ ಬೆಳಗಿನ ನೂಕುನುಗ್ಗಲಿನಲ್ಲಿ ಎತ್ತರದ ಮೆಟ್ಟಿಲು ಹತ್ತಲು ಆಗುವುದಿಲ್ಲ. ಕೆಲಸದ ವೇಳೆಯನ್ನು ಅರ್ಧ ಗಂಟೆ ಆಚೀಚೆ ಮಾಡಿದರೆ ಎಷ್ಟೋ ಮಂದಿಗೆ ಖಾಲಿ ಬಸ್ ಸಿಗುತ್ತದೆ. ಇದಕ್ಕೆ ನಿಮಗೆ ಒಂದು ಪೈಸೆ ಖರ್ಚಿಲ್ಲ.

ಆರನೆಯ ಹೆಜ್ಜೆ: ಇತರ ಅಡೆತಡೆ ಇರುವವರು

ಕೆಲಸ ಸಿಗದಿರಲು ಅಂಗವೈಕಲ್ಯವೊಂದೇ ಕಾರಣವಲ್ಲ. ಎಚ್‌ಐವಿ ಇರುವವರಿಗೆ ಉದ್ಯೋಗದಲ್ಲಿ ತಾರತಮ್ಯ ಮಾಡುವುದನ್ನೂ, ಕೆಲಸಕ್ಕೆ ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿಸುವುದನ್ನೂ 2017ರ ಕಾಯ್ದೆ ನಿಷೇಧಿಸಿದೆ. ನಿಮ್ಮ ವೈದ್ಯಕೀಯ ತಪಾಸಣೆಯ ಪಟ್ಟಿಯಲ್ಲಿ ಅದಿದ್ದರೆ ಇಂದೇ ತೆಗೆಯಿರಿ. ಲಿಂಗತ್ವ ಅಲ್ಪಸಂಖ್ಯಾತರಿಗೆ ಕರ್ನಾಟಕ ಸರ್ಕಾರ 2021ರಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಶೇ 1ರ ಮೀಸಲಾತಿ ಕೊಟ್ಟಿತು, ಆದರೆ ಖಾಸಗಿ ಕೆಲಸದಲ್ಲಿ ಅವರು ಮೊದಲು ಎಡವುವುದು ಕಾಗದಪತ್ರಗಳಲ್ಲಿ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದು, ಪಿಎಫ್ ಖಾತೆ ತೆರೆಯದೆ ಸಂಬಳ ತಿಂಗಳುಗಟ್ಟಲೆ ತಡೆದುಹೋಗುವುದುಂಟು. ದಾಖಲೆ ಸರಿಪಡಿಸಲು ಮಾನವ ಸಂಪನ್ಮೂಲ ವಿಭಾಗದವರೇ ಜೊತೆಗೆ ನಿಲ್ಲಬೇಕು, ಹಾಜರಿ ಪುಸ್ತಕ ಮತ್ತು ಗುರುತಿನ ಚೀಟಿಯಲ್ಲಿ ಅವರು ಬಯಸುವ ಹೆಸರಿರಬೇಕು. ಮಕ್ಕಳಿಗಾಗಿ ಹತ್ತು ವರ್ಷ ಮನೆಯಲ್ಲಿದ್ದು ಮರಳಿ ಬರುವ ಮಹಿಳೆಯರಿಗೆ, ಕೈಕಸುಬು ಬಂದರೂ ಎಸ್‌ಎಸ್‌ಎಲ್‌ಸಿ ಪಾಸಾಗದವರಿಗೆ ಮೊದಲ ಹೆಜ್ಜೆಯ ಹಾಳೆಯೇ ಸಾಕು. ಕೆಲಸಕ್ಕೆ ಬೇಕಿಲ್ಲದ ಅರ್ಹತೆಯನ್ನು ಜಾಹೀರಾತಿನಿಂದ ತೆಗೆದರೆ ಅವರ ಅಡ್ಡಿಯ ದೊಡ್ಡ ಪಾಲು ಅಲ್ಲಿಗೇ ಕಳೆಯುತ್ತದೆ.

ಏಳನೆಯ ಹೆಜ್ಜೆ: ಸಂಬಳ, ಬಡ್ತಿ ಮತ್ತು ಮುಂದಿನ ವರ್ಷಗಳು

ಅದೇ ಕೆಲಸಕ್ಕೆ ಅದೇ ಸಂಬಳ ಕೊಡಿ. "ಪಿಂಚಣಿ ಬರುತ್ತದಲ್ಲ" ಎಂದು ಕಡಿಮೆ ಮಾಡುವಂತಿಲ್ಲ. ಇಎಸ್‌ಐ ವ್ಯಾಪ್ತಿಗೆ ಬರಲು ಸಾಮಾನ್ಯ ನೌಕರರಿಗೆ ತಿಂಗಳ ವೇತನದ ಮಿತಿ 2017ರಲ್ಲಿ 21,000 ರೂಪಾಯಿ ಎಂದು ನಿಗದಿಯಾದಾಗ ವಿಕಲಚೇತನ ನೌಕರರಿಗೆ ಅದನ್ನು 25,000 ಎಂದು ಇಡಲಾಯಿತು. ನಿಮ್ಮ ಲೆಕ್ಕಪತ್ರ ನೋಡುವವರಿಗೆ ಈ ವ್ಯತ್ಯಾಸ ಗೊತ್ತಿದೆಯೇ ಎಂದು ವಿಚಾರಿಸಿಕೊಳ್ಳಿ.

ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕುಳಿತು ಮಾತನಾಡಿ. ಕೆಲಸದಲ್ಲಿ ತಪ್ಪಿದ್ದರೆ ಇತರರಿಗೆ ಹೇಳುವಷ್ಟೇ ನೇರವಾಗಿ ಹೇಳಿ. ತಪ್ಪನ್ನು ಯಾರೂ ತಿಳಿಸದೆ ಬಿಟ್ಟ ನೌಕರರಿಗೆ ಬಡ್ತಿ ಕೊಡಲು ಯಾರೂ ಮುಂದಾಗುವುದಿಲ್ಲ, ಹಾಗಾಗಿ ಸೇರಿದ ಕುರ್ಚಿಯಲ್ಲೇ ಹತ್ತು ವರ್ಷ ಉಳಿದುಹೋದ ವಿಕಲಚೇತನ ನೌಕರರು ನಮ್ಮಲ್ಲಿ ಬಹಳ ಮಂದಿ. ತರಬೇತಿ, ಪ್ರವಾಸ, ಮೇಲ್ವಿಚಾರಕ ಹುದ್ದೆಯ ಪಟ್ಟಿ ತಯಾರಿಸುವಾಗ "ಅವರಿಗೆ ಕಷ್ಟವಾಗಬಹುದು" ಎಂದು ನೀವೇ ಹೆಸರು ಬಿಡದೆ ಅವರನ್ನೇ ಕೇಳಿ.

ಮಾಡಿಕೊಟ್ಟ ಹೊಂದಾಣಿಕೆಗಳನ್ನೆಲ್ಲ ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಕಡತದಲ್ಲಿಡಿ: ಬರುವ ವೇಳೆ, ಕುಳಿತುಕೊಳ್ಳುವ ಜಾಗ, ತಂತ್ರಾಂಶ, ತುರ್ತಿನಲ್ಲಿ ಜೊತೆಗಿರುವವರ ಹೆಸರು, ಬೇರೆಯವರಿಗೆ ವರ್ಗಾಯಿಸಿದ ಕೆಲಸ. ಒಳ್ಳೆಯ ಮೇಲ್ವಿಚಾರಕರೊಬ್ಬರು ಬಾಯಿಮಾತಿನಲ್ಲಿ ನಡೆಸಿಕೊಂಡು ಬಂದ ಏರ್ಪಾಡು, ಅವರು ವರ್ಗವಾಗಿ ಹೋದ ವಾರವೇ ಕಳಚಿಬಿದ್ದು, ಹೊಸಬರು "ಎಲ್ಲರೂ ಒಂಬತ್ತಕ್ಕೇ ಬರಬೇಕು" ಎಂದಾಗ ನುರಿತ ನೌಕರರು ಕೆಲಸ ಬಿಟ್ಟು ಹೋಗುವುದನ್ನು ಕಂಡಿದ್ದೇನೆ. ಹೊಸ ಮೇಲ್ವಿಚಾರಕರು ಅಧಿಕಾರ ವಹಿಸಿಕೊಳ್ಳುವ ದಿನ ಅವರ ಕೈಗೆ ಕೊಡುವ ಕಾಗದಗಳಲ್ಲಿ ಈ ಪುಟವೂ ಇರಲಿ.